ನೂರ ನಲವತ್ತನಾಲ್ಕು ಹರ್ಟ್ಜ್

ಅಬ್ಬಾ ಕೇಳಿದ್ದು ಒಂದೇ ಮಾತು:
'ಇಷ್ಟು ದುಡ್ಡಿಗೆ ಗೋಡೆಯಗಲದ ಟೀವಿ ಬರುತ್ತೆ,
ನಿನಗ್ಯಾಕೆ ಈ ಇಪ್ಪತ್ನಾಲ್ಕು ಇಂಚಿನ ಕಿಟಕಿ?'

ಚಿಕ್ಕಬಳ್ಳಾಪುರ, ಬಿ.ಬಿ. ರಸ್ತೆಯ ಅಂಗಡಿ.
ಅಕ್ಕಪಕ್ಕ ಎರಡು ಮಾನಿಟರು,
ಎರಡರಲ್ಲೂ ಅದೇ ಕೆಂಪು ಕಾರು, ಅದೇ ತಿರುವು.
ಮಾರುವ ಹುಡುಗ ಮಗ್ಗಿಯಂತೆ ಒಪ್ಪಿಸುತ್ತಿದ್ದ:
ಇದು ಅರವತ್ತು, ಇದು ನೂರ ನಲವತ್ತನಾಲ್ಕು,
ಐಪಿಎಸ್ಸು, ಒಂದು ಮಿಲಿಸೆಕೆಂಡು, ಮೂರು ವರ್ಷ ವಾರಂಟಿ.
ಅಬ್ಬಾನಿಗೆ ಎರಡೂ ಒಂದೇ.
ನಿಜ ಹೇಳಬೇಕೆಂದರೆ, ಆ ಬೆಳಕಿನಲ್ಲಿ, ನನಗೂ.

ಅಮ್ಮಿ ಕೈಚೀಲ ಎದೆಗವಚಿಕೊಂಡು
ಎಡಗಡೆಯದಕ್ಕೆ ಬೆರಳು ಮಾಡಿದಳು.
'ಇದು ತಡವರಿಸ್ತಿದೆ.'
ಹುಡುಗ ನಕ್ಕ. ಅವಳನ್ನು ಬಾಗಿಲ ಕಡೆ ತಿರುಗಿ ನಿಲ್ಲಲು ಹೇಳಿ
ಎರಡನ್ನೂ ಅದಲುಬದಲಾಗಿಟ್ಟ.
'ಈಗ ಬಲಗಡೆಯದು.'
ಮೂರು ಸಲವೂ ತಪ್ಪಲಿಲ್ಲ.

ಇಪ್ಪತ್ತೆರಡು ವರ್ಷ
ತಿರುಗುವ ರಾಟೆಯ ಮೇಲೆ
ಕಂಡೂ ಕಾಣದ ಎಳೆ ಕಡಿಯುವುದನ್ನು
ಕಡಿಯುವ ಮುಂಚೆ ಕಂಡ ಕಣ್ಣು ಅದು.
ಚಷ್ಮಾ ಹಾಕಿದರೂ ಬಸ್ಸಿನ ಬೋರ್ಡು ಓದಲಾರದು.

ಬಿಲ್ಲು ಹನ್ನೊಂದು ಸಾವಿರದ ಎಂಟುನೂರು.
ಡಿಸ್‌ಪ್ಲೇ ಪೋರ್ಟಿನ ಕೇಬಲ್ಲು ಬಿಟ್ಟಿ ಕೊಡು ಅಂತ
ನಾನು ಜಗಳಕ್ಕೆ ನಿಂತಾಗ
ಅಬ್ಬಾ ದೂರ ಸರಿದು ನಿಂತರು, ಮುಖ ಆಚೆ ತಿರುಗಿಸಿ.
ನಗು ಮುಚ್ಚಿಕೊಳ್ಳಲಿಕ್ಕೆ ಅಂತ ಆಮೇಲೆ ಗೊತ್ತಾಯಿತು.

ಮಾನಿಟರು ಬಂತು. ನೆಟ್ಟು?
ಕೇಬಲ್ಲಿನ ಸಾದಿಕ್ ಮಾಮು, 'ನಮ್ಮವರೇ, ಮುನ್ನೂರಕ್ಕೆ ಕೊಡ್ತೀನಿ' ಅಂದ.
ಸಂಜೆ ಏಳಕ್ಕೆ ಬೀದಿಗೆ ಬೀದಿಯೇ ಧಾರಾವಾಹಿಗೆ ಕೂತಾಗ
ನನ್ನ ಬಂದೂಕಿನ ಗುಂಡು
ನಾನು ಸತ್ತ ಮೇಲೆ ಹೊರಡುತ್ತಿತ್ತು.
'ನೂರು ಎಂಬಿ ಅಂತ ಬರೆದಿದಾನಲ್ಲ, ಇನ್ನೇನು ತಡ?'
ಹೇಗೆ ಹೇಳುವುದು, ವೇಗ ಬೇರೆ ತಡ ಬೇರೆ ಅಂತ.
ಕಡೆಗೆ ಅಂದೆ: ಅಬ್ಬಾ, ಹೋದ ಮಂಗಳವಾರ,
ಗೂಡಿನ ಮಾರುಕಟ್ಟೆ, ಇನ್ನೂರ ಹದಿಮೂರನೇ ಲಾಟು.
ಬೆಳ್ಳಗೆ, ಒತ್ತಿದರೆ ಕಲ್ಲಿನಂಥ ಗೂಡು.
ಮೊಬೈಲಿನಲ್ಲಿ ಐದು ರೂಪಾಯಿ ಏರಿಸಿ ಒತ್ತಿದಿರಿ,
ಚಕ್ರ ತಿರುಗಿತು, ತಿರುಗಿತು,
ಅಷ್ಟರಲ್ಲಿ ಇನ್ಯಾರದೋ ಹೆಸರಿಗೆ ಬಿತ್ತು.
ಒತ್ತಿದ್ದಕ್ಕೂ ತಲುಪಿದ್ದಕ್ಕೂ ನಡುವೆ ಇದೆಯಲ್ಲ,
ಅದು ಪಿಂಗು.

ಅಬ್ಬಾ ಕಡ್ಡಿ ಗೀರಿದರು, ಬೀಡಿಗೆ ಮುಟ್ಟಿಸಲಿಲ್ಲ.
ಕಡ್ಡಿ ಬೆರಳಿನವರೆಗೂ ಉರಿಯಿತು.
'ಸುಡುಗಾಡು ಪಿಂಗು' ಅಂದರು. 'ಹಾಕಿಸು ಫೈಬರು.'

ಆಂಜಿನಪ್ಪ ತಾರಸಿಯ ಮೇಲೆ ಕೂತು ಕಪ್ಪು ಸಿಪ್ಪೆ ಸುಲಿದ.
ಒಳಗೆ ಗಾಜಿನ ಎಳೆ.
ಅಮ್ಮಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದಳು,
ಬಿಸಿನೀರಿಗೆ ಬಿಳುಚಿದ ಬೆರಳು, ಮೈಗೆಲ್ಲ ಬೆಂದ ಹುಳದ ವಾಸನೆ.
'ಗಂಟು ಹೇಗೆ ಹಾಕ್ತೀಯಪ್ಪ?'
'ಗಂಟಿಲ್ಲಮ್ಮ. ಎರಡು ತುದಿ ಎದುರುಬದುರು ಇಟ್ಟು ಕರಗಿಸೋದು.'
ಪೆಟ್ಟಿಗೆಯೊಳಗೆ ಕಿಡಿ. ಅಂಗೈಯಗಲ ಪರದೆಯಲ್ಲಿ
ಎರಡು ಗೆರೆ ಒಂದಾದವು.
ಅವಳು ಬಗ್ಗಿದಳು, ಜೋಡಿಸಿದ ಜಾಗ ಹುಡುಕಿದಳು,
ಸಿಗಲಿಲ್ಲ.
ಯಾರ ಕೆಲಸವನ್ನೂ ಹೊಗಳದವಳು
ಆಂಜಿನಪ್ಪನಿಗೆ ಎರಡನೇ ಸಲ ಚಹಾ ಕೊಟ್ಟಳು.
ಉಳಿದ ತುಂಡು ಬೇಕು ಅಂದಳು.
'ಚುಚ್ಚಿದರೆ ಕಣ್ಣಿಗೂ ಕಾಣಲ್ಲ, ಬೇಡಮ್ಮ' ಅಂದ ಅವನು.

ಈಗ ರಾತ್ರಿ ಹತ್ತೂವರೆ. ಕೆಳಗೆ ಒಲೆ ಆರಿದೆ.
ಮುಂಬೈ ಸರ್ವರು, ಪಿಂಗು ಮೂವತ್ತೊಂದು.
ಹೆಡ್‌ಫೋನಿನಲ್ಲಿ ಕೊಯಮತ್ತೂರಿನವನೊಬ್ಬ, ರಾಂಚಿಯವಳೊಬ್ಬಳು.
ಅವರಿಗೆ ಶಿಡ್ಲಘಟ್ಟ ಎಲ್ಲಿದೆಯೋ ತಿಳಿಯದು;
ಬಾಗಿಲ ಮರೆಯಿಂದ ಗುರಿ ತಪ್ಪದವಳು, ಅಷ್ಟೇ ನಾನು.
ಬೆನ್ನ ಹಿಂದೆ ಅಮ್ಮಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಾಳೆ.
ಯಾರು ನಮ್ಮವರು, ಯಾರು ಎದುರಾಳಿ, ಅವಳಿಗೆ ಗೊತ್ತಿಲ್ಲ.
'ಎಡಗಡೆ, ಕಂಬದ ಹತ್ತಿರ, ಏನೋ ಅಲ್ಲಾಡಿತು'
ಅನ್ನುತ್ತಾಳೆ, ಕೈ ನಿಲ್ಲಿಸದೆ.
ನಾನು ತಿರುಗುವಷ್ಟರಲ್ಲಿ ಸತ್ತಿರುತ್ತೇನೆ.
ಮೂಲೆಯಲ್ಲಿ ಪಿಂಗು ಮೂವತ್ತೊಂದೇ ಇದೆ,
ಅದನ್ನು ದೂರುವ ಹಾಗಿಲ್ಲ.